ಉತ್ತ ಹೊಲದ ಹಾದಿ

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಬಯಲುಸೀಮೆಯಲ್ಲಿ ಎಷ್ಟೋ ಕಾಲುದಾರಿಗಳು ಕಾಣೆಯಾಗುತ್ತವೆ. ಗೋಧಿ ಕೊಯ್ಲು ಮುಗಿದಿರುತ್ತದೆ. ಕೂಳೆ ಒಂದಷ್ಟು ದಿನ ಬಿಸಿಲು ಕಾಯ್ದ ಮೇಲೆ ಚಳಿಗಾಲದ ಬಿತ್ತನೆಗೆಂದು ಟ್ರ್ಯಾಕ್ಟರು ಹೊಲಕ್ಕೆ ಇಳಿಯುತ್ತದೆ. ಈ ಬದುವಿನಿಂದ ಆ ಬದುವಿಗೆ ಓರೆಯಾಗಿ ಹಾಯ್ದಿದ್ದ ಹಾದಿ ಮಣ್ಣಿನ ಜೊತೆಗೇ ಮಗುಚಿಕೊಳ್ಳುತ್ತದೆ. ನೇಗಿಲ ಹಿಂದೆ ಹುಳ ಹೆಕ್ಕುವ ಕಡಲಹಕ್ಕಿಗಳ ಹಿಂಡು. ಈಚೆ ಬೇಲಿಯಲ್ಲಿ ಹಳದಿ ಬಾಣದ ಗುರುತಿರುವ ಒಂದು ಗೂಟ, ಆಚೆ ಬೇಲಿಯಲ್ಲಿ ಅಂಥದೇ ಇನ್ನೊಂದು, ನಡುವೆ ಬರೀ ಹೆಂಟೆ. ದಾರಿ ಇದೆ ಎನ್ನುತ್ತದೆ ಗೂಟ, ಎಲ್ಲಿದೆ ಎನ್ನುತ್ತದೆ ಕಣ್ಣು.

ಅಲ್ಲಿನ ಕಾನೂನು ಈ ಜಗಳವನ್ನು ತೀರಿಸಿರುವ ರೀತಿ ಚೆನ್ನಾಗಿದೆ. ಹೊಲದ ಅಂಚಿನಲ್ಲಿ ಹೋಗುವ ಹಾದಿಯನ್ನು ರೈತ ಉಳುವಂತಿಲ್ಲ. ನಡುವೆ ಹಾಯುವ ಕಾಲುದಾರಿಯನ್ನು ಬೇರೆ ಅನುಕೂಲವಿಲ್ಲದಿದ್ದರೆ ಉಳಬಹುದು. ಆದರೆ 14 ದಿನದೊಳಗೆ ಕನಿಷ್ಠ 1 ಮೀಟರ್ ಅಗಲಕ್ಕೆ ಅದನ್ನು ಮತ್ತೆ ನಡೆಯಲು ಬರುವಂತೆ ಮಾಡಿಕೊಡಬೇಕು. 1990ರ ಕಾಯ್ದೆ ಹೀಗೆ ಹೇಳುತ್ತದೆ. ಕೆಲವು ರೈತರು ಹಾದಿಯ ಗುಂಟ ಟ್ರ್ಯಾಕ್ಟರಿನ ಗಾಲಿ ಹಾಯಿಸಿ ಕೆಲಸ ಮುಗಿಸುತ್ತಾರೆ. ಉಳಿದದ್ದು ನಡೆಯುವವರ ಪಾಲಿಗೆ. ಮೊದಲು ಬಂದವನು ಎದುರಿನ ಗೂಟದ ಮೇಲೆ ಕಣ್ಣಿಟ್ಟು, ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಸಿಕೊಂಡು ದಾಟುತ್ತಾನೆ. ಹಿಂದೆ ಬಂದವಳು ಅವನ ಹೆಜ್ಜೆ ಬಿದ್ದಲ್ಲೇ ಹೆಜ್ಜೆ ಇಡುತ್ತಾಳೆ. ಹೀಗೆ ನಾಲ್ಕಾರು ದಿನ ಕಳೆದರೆ ಹೊಲದ ಮೇಲೆ ತೆಳ್ಳನೆಯ ಗೆರೆ ಮೂಡಿರುತ್ತದೆ. ಗೋಧಿ ಮೊಳೆತಾಗ ಆ ಗೆರೆಯಷ್ಟು ಜಾಗ ಬೋಳಾಗಿ ಉಳಿಯುತ್ತದೆ. ಅದನ್ನು ಮೂಡಿಸಿದವರಿಗೆ ಪರಸ್ಪರ ಮುಖಪರಿಚಯವೂ ಇರುವುದಿಲ್ಲ.

ಮಣ್ಣು ಒಬ್ಬನದು, ಬೆಳೆಯೂ ಅವನದೇ. ಅದರ ಮೇಲಿನ ಈ ಗೆರೆ ಮಾತ್ರ ಯಾರದು?

ಶರತ್ಕಾಲದ ರಜೆ ಹಾಕಿ ಬೆನ್ನಿಗೊಂದು ಚೀಲ ಏರಿಸಿ ಹೊರಡುವವರನ್ನು ಕೇಳಿದರೆ ಈ ಪ್ರಶ್ನೆ ಅವರಿಗೆ ಹೊಳೆದಿರಲಿಕ್ಕಿಲ್ಲ. ಬೀಚ್ ಮರಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದು, ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾದದ್ದು, ಸಂಜೆ ಬೇಗ ಕವಿಯುವುದರಿಂದ ಊರಿನ ಪಬ್ಬು ಸೇರಲು ಕಾಲು ಚುರುಕಾಗುವುದು, ಇವುಗಳ ಮಾತಾಡುತ್ತಾರೆ. ಮನಸ್ಸು ಹಗುರಾಯಿತು ಎನ್ನುತ್ತಾರೆ. ಅದೆಲ್ಲ ನಿಜವೇ. 1819ರ ಸೆಪ್ಟೆಂಬರ್ 19ರ ಭಾನುವಾರ ವಿಂಚೆಸ್ಟರ್ ಪಟ್ಟಣದ ಹೊರಗೆ ಇಚೆನ್ ಹೊಳೆಯ ದಡದಲ್ಲಿ ತಿರುಗಾಡಿ ಬಂದು ಶರತ್ಕಾಲದ ಮೇಲೆ ತನ್ನ ಹೆಸರಾಂತ ಪದ್ಯ ಬರೆದ ಕೀಟ್ಸ್‌ಗೂ ಆದದ್ದು ಅದೇ. ವಸಂತದ ಹಸಿರಿಗಿಂತ ಕೂಳೆ ಹೊಲವೇ ತನಗೆ ಬೆಚ್ಚಗೆ ಕಂಡಿತು ಎಂಬರ್ಥದ ಮಾತನ್ನು ಎರಡು ದಿನ ಬಿಟ್ಟು ಗೆಳೆಯನಿಗೆ ಕಾಗದದಲ್ಲಿ ಬರೆದ. ಆಗ ಅವನಿಗೆ 23 ವರ್ಷ.

ಕೀಟ್ಸ್‌ನ ಪುಸ್ತಕ ಅಚ್ಚು ಹಾಕಿಸಿದ ಪ್ರಕಾಶಕನೇ ಆ ಕಾಲದಲ್ಲಿ ಇನ್ನೊಬ್ಬ ಕವಿಯನ್ನೂ ಬೆಳಕಿಗೆ ತಂದ. ಹೆಲ್ಪ್‌ಸ್ಟನ್ ಹಳ್ಳಿಯ ಕೂಲಿಕಾರನ ಮಗ ಜಾನ್ ಕ್ಲೇರ್. ಇವನಿಗೆ ಋತುವಿನ ಜೊತೆಗೆ ಬೇಲಿಯೂ ಕಂಡಿತು. 1604ರಿಂದ 1914ರವರೆಗೆ ಅಲ್ಲಿನ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಇಂಗ್ಲೆಂಡಿನ ಸುಮಾರು 68 ಲಕ್ಷ ಎಕರೆ ಸಾಮೂಹಿಕ ಭೂಮಿಗೆ ಬೇಲಿ ಹಾಕಿಸಿತು. ಗೋಮಾಳ, ಸೌದೆಯ ಕಾಡು, ಊರೊಟ್ಟಿನ ಬಯಲು, ಎಲ್ಲವೂ ಒಬ್ಬೊಬ್ಬರ ಹೆಸರಿಗೆ ಹಂಚಿಹೋದವು. ಹೆಲ್ಪ್‌ಸ್ಟನ್ನಿನ ಸರದಿ ಬಂದದ್ದು 1809ರಲ್ಲಿ. ಚಿಕ್ಕಂದಿನಲ್ಲಿ ಓಡಾಡಿದ ಹಾದಿಗಳಿಗೆ ಅಡ್ಡವಾಗಿ ಎದ್ದ ಫಲಕಗಳನ್ನು ಕಂಡು ಕ್ಲೇರ್ ಬೆಂದುಹೋದ, ಹಾಗೆಂದು ಬರೆದ. ಹೊಟ್ಟೆಪಾಡಿಗಾಗಿ ಅದೇ ಬೇಲಿಗಳ ಗಿಡ ನೆಡುವ ಕೂಲಿಗೂ ಹೋದ. ಮುಂದೆ ಬುದ್ಧಿ ಕದಡಿ ಎಸೆಕ್ಸಿನ ಹುಚ್ಚಾಸ್ಪತ್ರೆ ಸೇರಿದ್ದವನು 1841ರ ಜುಲೈಯಲ್ಲಿ ಅಲ್ಲಿಂದ ಹೊರಬಿದ್ದು, ಹಸಿವಾದಾಗ ದಾರಿಬದಿಯ ಹುಲ್ಲು ತಿಂದು, ಸುಮಾರು 80 ಮೈಲಿ ನಡೆದು ಮನೆ ಸೇರಿದ.

ಭೂಮಿಯೆಲ್ಲ ಹೀಗೆ ಹಂಚಿಹೋದರೂ ಕೆಲವು ಗೆರೆಗಳು ಉಳಿದುಕೊಂಡವು. ಚರ್ಚಿಗೆ ಹೋಗುವ ಹಾದಿ, ಹಿಟ್ಟಿನ ಗಿರಣಿಗೆ ಹೋಗುವ ಹಾದಿ, ಹೆಣ ಹೊತ್ತೊಯ್ಯುವ ಹಾದಿ, ಪಕ್ಕದೂರಿನ ಸಂತೆಯ ಹಾದಿ. ಇಂದಿಗೂ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ದಾಖಲಾದ ಇಂಥ ಸಾರ್ವಜನಿಕ ಹಾದಿಗಳು ಒಟ್ಟು ಸುಮಾರು 1,40,000 ಮೈಲಿ. ಗಿರಣಿ ಬಿದ್ದುಹೋಗಿದೆ, ಸಂತೆ ನಿಂತಿದೆ, ಚರ್ಚಿಗೆ ಬರುವ ನಾಲ್ಕು ಜನ ಕಾರಿನಲ್ಲಿ ಬರುತ್ತಾರೆ. ಕೆಲಸವಿದ್ದವರು ಮಾಡಿದ ದಾರಿಯನ್ನು ಈಗ ಕೆಲಸವಿಲ್ಲದವರು ಕಾಯುತ್ತಿದ್ದಾರೆ. ರಜೆಯಲ್ಲಿ ನಡೆಯುವವನನ್ನು ಸುಮ್ಮನೆ ತಿರುಗುವವನು ಎನ್ನುವುದು ಸುಲಭ. ಆದರೆ ಅವನು ಬರದಿದ್ದರೆ ಮುಳ್ಳುಪೊದೆ ಬರುತ್ತದೆ. ಒಮ್ಮೆ ಸಾರ್ವಜನಿಕ ದಾರಿಯಾದದ್ದು ಎಂದೆಂದಿಗೂ ಸಾರ್ವಜನಿಕ ದಾರಿ ಎಂಬ ಹಳೆಯ ಸೂತ್ರ ಅಲ್ಲಿನ ನ್ಯಾಯಾಲಯಗಳಲ್ಲಿದೆ. ಅದು ಪೊದೆಗೆ ಗೊತ್ತಿಲ್ಲ.

ಹಾದಿಯೊಂದು ಸಾರ್ವಜನಿಕವಾಗುವ ಬಗೆಯನ್ನು ನೋಡಿದರೆ ವಿಷಯ ಇನ್ನೂ ಆಳಕ್ಕಿಳಿಯುತ್ತದೆ. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಜನ 20 ವರ್ಷ ತಡೆಯಿಲ್ಲದೆ ಒಂದು ಜಾಗದಲ್ಲಿ ನಡೆದಿದ್ದರೆ, ಮಾಲೀಕನಿಗೆ ಬೇರೆ ಇರಾದೆಯಿತ್ತೆಂದು ಸಾಬೀತಾಗದ ಹೊರತು, ಅದು ಜನರಿಗೆ ಬಿಟ್ಟುಕೊಟ್ಟ ದಾರಿ ಎಂದೇ ಲೆಕ್ಕ. ಆದರೆ ಆ ನಡಿಗೆಗೆ ಮೂರು ಷರತ್ತುಗಳಿವೆ: ಬಲವಂತದಿಂದ ನಡೆದಿರಬಾರದು, ಕದ್ದುಮುಚ್ಚಿ ನಡೆದಿರಬಾರದು, ಅಪ್ಪಣೆ ಪಡೆದೂ ನಡೆದಿರಬಾರದು. ಮೊದಲ ಎರಡು ಯಾರಿಗಾದರೂ ಒಪ್ಪಿಗೆಯಾಗುತ್ತವೆ. ಮೂರನೆಯದರ ಹತ್ತಿರ ಮನಸ್ಸು ತಡೆದು ನಿಲ್ಲುತ್ತದೆ. ಕೇಳಿಕೊಂಡು ಹೋಗುವುದು ಒಳ್ಳೆಯತನವಲ್ಲವೇ? ಒಳ್ಳೆಯತನವೇ, ಆದರೆ ಅದರಿಂದ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ಜಾಣ ಜಮೀನ್ದಾರ ದಾರಿ ಮುಚ್ಚುವ ಗೋಜಿಗೆ ಹೋಗುವುದಿಲ್ಲ. ‘ಮಾಲೀಕರ ಅನುಮತಿಯ ಮೇರೆಗೆ ಈ ದಾರಿ ತೆರೆದಿದೆ’ ಎಂದು ವಿನಯದ ಫಲಕವೊಂದನ್ನು ನಿಲ್ಲಿಸುತ್ತಾನೆ. ನಡೆಯುವವರು ಮೆಚ್ಚಿಕೊಂಡು ಮುಂದೆ ಹೋಗುತ್ತಾರೆ. ಇನ್ನು ನೂರು ವರ್ಷ ನಡೆದರೂ ಅವರು ಅವನ ಅತಿಥಿಗಳೇ.

ದಬಾಯಿಸಿ ನುಗ್ಗುವವನು, ಕತ್ತಲಲ್ಲಿ ನುಸುಳುವವನು, ಕೈಮುಗಿದು ಕೇಳುವವನು: ಈ ಮೂವರ ಕಣ್ಣೂ ಮಾಲೀಕನ ಮೇಲೆಯೇ ಇರುತ್ತದೆ. ನಾಲ್ಕನೆಯವನೊಬ್ಬನಿದ್ದಾನೆ. ಅವನು ಹಗಲು ಹೊತ್ತಿನಲ್ಲಿ, ಸಿಟ್ಟಿಲ್ಲದೆ, ಹೆದರಿಕೆಯಿಲ್ಲದೆ ತನ್ನ ಪಾಡಿಗೆ ತಾನು ಹೋಗುತ್ತಾನೆ. ದಾರಿ ಹುಟ್ಟುವುದು ಅವನಿಂದ. ನಮ್ಮ ದಿನನಿತ್ಯದ ಬದುಕಿನಲ್ಲಿ ಈ ನಾಲ್ಕನೆಯವನಾಗಿರುವುದು ಎಷ್ಟು ಅಪರೂಪ! ಕಚೇರಿಯಲ್ಲೋ ಮನೆಯಲ್ಲೋ ಬಹಳಷ್ಟು ಹೊತ್ತು ಮೂವರಲ್ಲಿ ಒಬ್ಬರಾಗಿಯೇ ಇರುತ್ತೇವೆ. ಹೊಲದ ನಡುವಿನ ನಡಿಗೆಯಲ್ಲಿ ಎದೆ ಹಗುರಾಗುವುದಕ್ಕೆ ಗಾಳಿ, ಬೆಳಕು ಕಾರಣ ಹೌದು. ಈ ಬಿಡುಗಡೆಯೂ ಒಂದು ಕಾರಣವಿದ್ದೀತು.

ನಾಲ್ಕನೆಯವನಾಗಲು ಬಿಡದ ಕಡೆಗಳೂ ಇದ್ದವು. ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟದ ನೆತ್ತಿ ಗ್ರೌಸ್ ಹಕ್ಕಿಯ ಬೇಟೆಗೆ ಮೀಸಲಾಗಿತ್ತು. ಬೇಟೆಯ ಕಾಲ ಆಗಸ್ಟ್ 12ರಿಂದ ಡಿಸೆಂಬರ್ 10. ಅಂದರೆ ಬೆಟ್ಟ ಅತ್ಯಂತ ಚೆಲುವಾಗಿರುವ ಶರತ್ಕಾಲ ಪೂರ್ತಿ. ಮ್ಯಾಂಚೆಸ್ಟರಿನ ಗಿರಣಿಗಳ ಹೊಗೆಯಲ್ಲಿ ವಾರವಿಡೀ ದುಡಿದವರಿಗೆ ಕಣ್ಣಳತೆಯಲ್ಲೇ ಇದ್ದ ಬೆಟ್ಟ ಕಾಲಿಗೆ ದಕ್ಕುತ್ತಿರಲಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ 20ರ ಹುಡುಗನ ಮುಂದಾಳುತನದಲ್ಲಿ ನೂರಾರು ಜನ ಕಾವಲುಗಾರರನ್ನು ದಾಟಿ ಮೇಲೆ ಹತ್ತಿದರು. ಐವರು ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. 1965ರಲ್ಲಿ, ಅದೇ ಏಪ್ರಿಲ್ 24ರಂದು, ಕಿಂಡರ್ ಬುಡದ ಈಡೇಲ್ ಹಳ್ಳಿಯಿಂದ ಹೊರಡುವ 268 ಮೈಲಿಯ ಪೆನೈನ್ ಹಾದಿ ಉದ್ಘಾಟನೆಯಾಯಿತು. 2000ದ ಕಾಯ್ದೆ ಬೆಟ್ಟ, ಬಂಜರುಗಳಲ್ಲಿ ಅಡ್ಡಾಡುವ ಹಕ್ಕನ್ನೇ ಕೊಟ್ಟಿತು. 2002ರಲ್ಲಿ ಕಿಂಡರ್ ಘಟನೆಯ 70ನೇ ವರ್ಷಾಚರಣೆಗೆ ಬಂದ ಡೆವನ್‌ಶೈರಿನ ಡ್ಯೂಕ್, ಆ ಬೇಟೆಯ ನೆಲದ ಮಾಲೀಕನಾಗಿದ್ದ ತನ್ನ ಅಜ್ಜ ಮಾಡಿದ್ದು ತಪ್ಪೆಂದು ಜನರೆದುರು ಕ್ಷಮೆ ಕೇಳಿದ.

ಇಷ್ಟೆಲ್ಲ ಹೋರಾಡಿ ಪಡೆದ ಹಾದಿಯ ಹಕ್ಕು ಎಷ್ಟು ದೊಡ್ಡದು? ಬಹಳ ಚಿಕ್ಕದು. 1893ರ ಒಂದು ಮೊಕದ್ದಮೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ರಟ್ಲೆಂಡಿನ ಡ್ಯೂಕ್ ತನ್ನ ಬಯಲಿನಲ್ಲಿ ಹಕ್ಕಿ ಬೇಟೆಗೆ ಕೂತಿದ್ದಾಗ ಹ್ಯಾರಿಸನ್ ಎಂಬಾತ ಬಯಲಿನ ನಡುವಿನ ಸಾರ್ವಜನಿಕ ದಾರಿಯಲ್ಲಿ ನಿಂತು ಕರವಸ್ತ್ರ ಬೀಸಿ, ಕೊಡೆ ಬಿಚ್ಚಿ ಮಡಚಿ ಹಕ್ಕಿಗಳನ್ನು ಹೆದರಿಸಿ ಓಡಿಸಿದ. ಡ್ಯೂಕನ ಆಳುಗಳು ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಹ್ಯಾರಿಸನ್ ಕೋರ್ಟಿಗೆ ಹೋದ, ಸೋತ. ದಾರಿಯ ಹಕ್ಕೆಂದರೆ ಹೋಗುವ ಬರುವ ಹಕ್ಕು. ಇನ್ನೊಂದು ಉದ್ದೇಶ ಹೊತ್ತು ನಿಂತ ಗಳಿಗೆಯಲ್ಲೇ ನೀನು ಅತಿಕ್ರಮಣಕಾರ ಎಂದು ನ್ಯಾಯಾಧೀಶರು ಹೇಳಿದರು. ಡ್ಯೂಕನ ಕಡೆ ನೋಡಿದರೆ ತೀರ್ಪು ಕೆರಳಿಸುತ್ತದೆ. ದಾರಿಯ ಕಡೆಯಿಂದ ನೋಡಿದರೆ ಅದರಲ್ಲೊಂದು ಸತ್ಯವಿದೆ. ಹಾದಿ ನಮ್ಮದಾಗಿರುವುದು ನಾವು ದಾಟುತ್ತಿರುವಷ್ಟು ಹೊತ್ತು ಮಾತ್ರ. ಅಲ್ಲಿ ಗುಡಾರ ಹೂಡಿದರೆ, ಹೂವಿನ ಗಿಡ ನೆಟ್ಟರೆ, ಹೆಸರು ಕೊರೆದರೆ ನಾವು ಇನ್ನೊಬ್ಬ ಮಾಲೀಕರಾಗಲು ಹೊರಟಂತೆ.

ಬಸವಣ್ಣನವರ ಸ್ಥಾವರ ಜಂಗಮಗಳ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸತೇನಲ್ಲ. ಹೊಸತೆಂದರೆ ಇದರ ತಿರುವು: ಹಾದಿ ಎಂಬುದು ಜಂಗಮರೇ ಕೂಡಿ ಕಟ್ಟಿದ ಸ್ಥಾವರ, ಮತ್ತು ಅವರು ನಿಂತುಬಿಟ್ಟರೆ ಅದೂ ಇಲ್ಲ. ಸುಮಾರು 185 ಮೈಲಿಯ ಥೇಮ್ಸ್ ಪಥ ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೂಲಕ ಹಾಯುತ್ತದೆ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿ ಇರುವುದು ಅಲ್ಲಿಯೇ. ಅದನ್ನು ನೋಡಲೆಂದು ಹೋದವರು ನದಿಯಗುಂಟ ನಾಲ್ಕು ಹೆಜ್ಜೆ ಮುಂದೆ ನಡೆದರೆ ಭೇಟಿಗೆ ಹೆಚ್ಚು ನ್ಯಾಯ ಸಲ್ಲುತ್ತದೆ.

ದಾಟುವವರಿಗೆ ಹೊಣೆಯೂ ಇದೆ. ಮಲೆನಾಡಿನ ತಡಬೆಯಂತೆ ಮನುಷ್ಯರು ಹತ್ತಿಳಿಯಬಲ್ಲ, ದನಕುರಿ ದಾಟಲಾರದ ಏರ್ಪಾಟುಗಳು ಅಲ್ಲಿನ ಬೇಲಿಗಳಲ್ಲೂ ಇವೆ. ಅವಿಲ್ಲದ ಕಡೆ ಗೇಟು ತೆಗೆದವನು ಹಿಂದಕ್ಕೆ ಹಾಕಿಯೇ ಹೋಗಬೇಕು. ಮರೆತರೆ ರೈತ ಕತ್ತಲಾಗುವವರೆಗೆ ಕುರಿ ಅಟ್ಟಿಕೊಂಡು ಬರಬೇಕಾಗುತ್ತದೆ. ನಾಯಿಯನ್ನು ಸರಪಳಿ ಬಿಟ್ಟು ಓಡಾಡಿಸುವವರ ಮೇಲೆ ರೈತರಿಗಿರುವ ಸಿಟ್ಟಿಗೆ ಕಾರಣವಿದೆ. ತನಗೇನೂ ಲಾಭವಿಲ್ಲದಿದ್ದರೂ ಅಪರಿಚಿತರಿಗಾಗಿ ಒಂದು ಮೀಟರ್ ಪೈರು ಬಿಡುವವನು ಅವನು. ಹಾದಿ ಉಳಿದಿರುವುದರಲ್ಲಿ ಅವನ ಪಾಲೂ ಉಂಟು.

ಇಂಗ್ಲೆಂಡಿನ ಆ 20 ವರ್ಷದ ಲೆಕ್ಕ ನಮ್ಮಲ್ಲಿಗೂ ಬಂದಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಅಡೆತಡೆಯಿಲ್ಲದೆ, ಹಕ್ಕಿನಂತೆ, 20 ವರ್ಷ ಬಳಸಿದ ದಾರಿಯನ್ನು ಮಾನ್ಯ ಮಾಡುತ್ತದೆ. ಆದರೆ ಅದು ಒಂದು ಜಮೀನಿಗೆ ಇನ್ನೊಂದು ಜಮೀನಿನ ಮೇಲಿರುವ ಹಕ್ಕು. ನನ್ನ ಹೊಲಕ್ಕೆ ನಿನ್ನ ಹೊಲದ ಮೂಲಕ ಬಂಡಿ ಹೋಗಬೇಕು ಎಂಬ ವಾದ. ನಮ್ಮ ತಾಲ್ಲೂಕು ಕಚೇರಿಗಳ ದಾರಿ ತಕರಾರುಗಳೆಲ್ಲ ಹೆಚ್ಚುಕಡಿಮೆ ಇದೇ ಬಗೆಯವು. ಹೊಲವೇ ಇಲ್ಲದವನ ಪಾಲಿಗೆ ಗ್ರಾಮ ನಕಾಶೆಯ ಚುಕ್ಕೆಗೆರೆಗಳಿವೆ. ಆದರೆ ಅಳತೆಗೆಂದು ಸರಪಳಿ ಹಿಡಿದು ಹೋದಾಗ ಆ ಗೆರೆ ಎಷ್ಟೋ ಕಡೆ ತೊಗರಿ ಸಾಲಿನ ಕೆಳಗೆ ಸಿಗುತ್ತದೆ. ಬೈಕು ಬಂದ ಮೇಲೆ ಡಾಂಬರು ರಸ್ತೆಯೇ ಹತ್ತಿರವೆನಿಸಿತು, ದನ ಕಡಿಮೆಯಾದವು, ಹೊಲದ ಹಾದಿ ವರ್ಷಕ್ಕೊಂದು ಸಾಲಿನಂತೆ ಸವೆಯಿತು. ಮುಚ್ಚಿದವನ ಮೇಲೆ ದೂರು ಕೊಡಬಹುದು. ನಡೆಯುವುದನ್ನು ಬಿಟ್ಟ ನಮ್ಮ ಮೇಲೆ ಕೊಡುವವರಾರು?

ನಮ್ಮ ಶರದೃತುವಿನ ನಡುವೆಯೂ ಒಂದು ನಡಿಗೆಯಿದೆ. ಉತ್ತರ ಕರ್ನಾಟಕದ ಊರುಗಳಲ್ಲಿ ವಿಜಯದಶಮಿಯ ಸಂಜೆ ಸೀಮೋಲ್ಲಂಘನಕ್ಕೆ ಹೊರಡುತ್ತಾರೆ. ಊರ ಗಡಿ ದಾಟಿ ಬನ್ನಿ ಮುಡಿದು, ಹಂಚಿ, ಬಂಗಾರದಂತೆ ಇರೋಣ ಎನ್ನುತ್ತಾ ಮರಳುತ್ತಾರೆ. ರಾಜರ ದಂಡಯಾತ್ರೆಯಿಂದ ಬಂದ ಆಚರಣೆ ಅದು, ಗೆಲ್ಲಲು ದಾಟುವ ನಡಿಗೆ. ಗೆಲ್ಲುವ ಇರಾದೆಯಿಲ್ಲದೆಯೂ ಸೀಮೆ ದಾಟಬಹುದು ಎಂಬುದನ್ನು ಹೊಲದ ಕಾಲುದಾರಿ ಹೇಳಿಕೊಡುತ್ತದೆ. ಯಾವ ಹೊಲಕ್ಕೂ ಸಂಬಂಧಪಡದವನೊಬ್ಬ ಹಗಲಿನಲ್ಲಿ, ಯಾರನ್ನೂ ಕೇಳದೆ, ಯಾರಿಗೂ ಕೇಡು ಮಾಡದೆ ಈ ನೆಲವನ್ನು ದಾಟಿ ಹೋಗಬಲ್ಲನೇ? ಒಂದು ಊರು, ಒಂದು ನಾಡು ಎಷ್ಟು ಉದಾರವಾಗಿದೆ ಎಂದು ಅಳೆಯಲು ಈ ಪ್ರಶ್ನೆ ಸಾಕು. ಉತ್ತರ ಹೌದು ಎಂದಿರಬೇಕಾದರೆ ಕಾಯ್ದೆ ಬೇಕು, ಒಂದಷ್ಟು ಜಾಗ ಬಿಡುವ ರೈತ ಬೇಕು, ಮತ್ತು ಕೆಲಸವಿಲ್ಲದಿದ್ದರೂ ನಡೆಯಲು ಹೊರಡುವವರು ಬೇಕು. ಮೊದಲ ಎರಡು ನಮ್ಮಲ್ಲಿ ಅಷ್ಟಿಷ್ಟು ಇವೆ. ದಸರೆಯ ರಜೆ ಇರುವಾಗ ಮೂರನೆಯದಕ್ಕೂ ಕೊರತೆಯಾಗಬೇಕಿಲ್ಲ.