ಅಡಕತ್ತರಿಯ ಪ್ರಸಂಗ

ಯಲ್ಲಾಪುರ ತಾಲೂಕಿನ ಚಂದಗುಳಿ ಎಂದೊಡನೆ ಬಲ್ಲವರಿಗೆ ನೆನಪಾಗುವುದು ಅಲ್ಲಿಯ ಗಂಟೆ ಗಣಪತಿ. ಹರಕೆ ಕೈಗೂಡಿದವರು ಒಂದು ಗಂಟೆಯನ್ನು ತಂದು ಕಟ್ಟುವುದು ಅಲ್ಲಿಯ ಪದ್ಧತಿ. ಹೀಗೆ ಕಟ್ಟಿದ ಗಂಟೆಗಳು ಚಿಕ್ಕವು ದೊಡ್ಡವು ಸಾಲುಸಾಲಾಗಿ ತೂಗಿಕೊಂಡಿವೆ. ನನಗೆ ಮಾತ್ರ ಚಂದಗುಳಿ ಎಂದರೆ ಮೊದಲು ದೊಡ್ಡಪ್ಪನ ಮನೆ, ದೊಡ್ಡಪ್ಪನೆಂದರೆ ಅವರ ಕವಳದ ಸಂಚಿ. ಎಲೆ ಅಡಿಕೆಗೆ ನಮ್ಮ ಕಡೆ ಕವಳವೆಂದೇ ಹೆಸರು. ಆ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕಿನ ಚೂರು, ಇವುಗಳೊಡನೆ ಒಂದು ಕಬ್ಬಿಣದ ಅಡಕತ್ತರಿ. ಅದು ಅವರ ತಂದೆಯ ಕಾಲದಲ್ಲಿ ಊರ ಆಚಾರಿ ಬಡಿದು ಮಾಡಿಕೊಟ್ಟದ್ದು. ಎರಡು ತಲೆಮಾರಿನ ಕೈ ಆಡಿ ಅದರ ಹಿಡಿ ಕನ್ನಡಿಯಂತೆ ನುಣುಪಾಗಿತ್ತು.

ಕಳೆದ ವರ್ಷ ದಿಲ್ಲಿಯಲ್ಲಿರುವ ಅವರ ಮಗಳಿಗೆ ಹೆರಿಗೆಯಾಯಿತು. ಎಪ್ಪತ್ತೆಂಟು ವರ್ಷದ ಮುದುಕರನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿ ಮೊಮ್ಮಗುವನ್ನು ತೋರಿಸಿಕೊಂಡು ಬರುವ ಹೊಣೆ, ರಜೆಯಲ್ಲಿದ್ದ ಕಾಲೇಜು ಮೇಷ್ಟ್ರಾದ ನನ್ನ ಮೇಲೆ ಬಿತ್ತು. ಹೊರಡುವ ಹಿಂದಿನ ರಾತ್ರಿ ನಾನು ಸಾಮಾನು ಜೋಡಿಸಿದೆ. ಏನನ್ನು ಕೈಚೀಲದಲ್ಲಿ ಒಯ್ಯಬಹುದು, ಏನನ್ನು ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿಡಬೇಕು ಎಂಬುದರ ಪಟ್ಟಿಯನ್ನು ಶ್ರದ್ಧೆಯಿಂದ ಓದಿದ್ದೆನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಪೆಟ್ಟಿಗೆಗೆ ಹೋಯಿತು. ಕತ್ತರಿ, ಈಳಿಗೆಯ ಬದಲಿಗೆಂದು ದೊಡ್ಡಮ್ಮ ಕೊಟ್ಟ ಚಾಕು, ಅವೂ ಹೋದವು. ಆಗ ದೊಡ್ಡಪ್ಪ ಸಂಚಿಯನ್ನು ಬಿಚ್ಚಿ ತೋರಿಸಿ, “ಇದು ಇಟ್ಕಂಡ್ರೆ ಅಡ್ಡಿಲ್ಯನ ತಮಾ?” ಎಂದು ಕೇಳಿದರು. ಚೂಪಾದ ಅಲಗುಳ್ಳ ವಸ್ತು ಕೂಡದು ಎಂಬ ಸಾಲನ್ನು ನಾನು ಓದಿ ಹತ್ತು ನಿಮಿಷವೂ ಆಗಿರಲಿಲ್ಲ. ಆದರೆ ದಾರಿಯುದ್ದಕ್ಕೂ ಕವಳವಿಲ್ಲದೆ ಅವರು ಪಡುವ ಪಾಡು ಕಣ್ಣಿಗೆ ಕಟ್ಟಿತು. ಅದಕ್ಕಿಂತ ಹೆಚ್ಚಾಗಿ, ಮುದುಕರ ಕವಳದ ಸಂಚಿಗೆ ಯಾರು ಕೈ ಹಾಕುತ್ತಾರೆ ಎಂಬ ಧೈರ್ಯ. “ಏನೂ ಅಡ್ಡಿಲ್ಲ” ಎಂದೆ.

ವಿಮಾನನಿಲ್ದಾಣ ಯಾವುದೆಂದು ಹೇಳುವ ಅಗತ್ಯ ಕಾಣೆ. ಪೆಟ್ಟಿಗೆ ಅದಾಗಲೇ ಒಳಗೆ ಹೋಗಿತ್ತು. ಸಂಚಿಯನ್ನು ನುಂಗಿದ ಯಂತ್ರ ಅದನ್ನು ಬೇರೆ ದಾರಿಗೆ ತಳ್ಳಿತು. ಅಲ್ಲಿದ್ದ ಹುಡುಗ, ಮಾತಿನಿಂದ ವಿಜಾಪುರದ ಕಡೆಯವನೆಂದು ತೋರಿತು, ಅಡಕತ್ತರಿಯನ್ನು ಹೊರತೆಗೆದು, ನನ್ನ ಮುಖವನ್ನೂ ದೊಡ್ಡಪ್ಪನ ಮುಖವನ್ನೂ ನೋಡಿ, “ಇದನ್ನ ಯಾರು ಇಟ್ಟಾರ್ರಿ?” ಎಂದು ಕೇಳಿದ. ಗದರಿಸಿ ಕೇಳಲಿಲ್ಲ, ಸುಮ್ಮನೆ ಕೇಳಿದ. ಹಿಂದೆ ಸರದಿಯಲ್ಲಿ ಜನ ನಿಂತಿದ್ದರು. ಅವರಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವಳೊಬ್ಬಳೂ ಇದ್ದಳು. ಆಗತಾನೆ ನಮಸ್ಕಾರ ಸಾರ್ ಎಂದಿದ್ದಳು. ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದೆ. “ತಿಳೀದೆ ಇಟ್ಟುಕೊಂಡೆ ಸ್ವಾಮಿ, ತಪ್ಪು ನಂದೇ” ಎಂದು ದೊಡ್ಡಪ್ಪ ಹೇಳಿದ್ದು ಬಗ್ಗಿದ ಕಿವಿಗೆ ಕೇಳಿಸಿತು. ಅಡಕತ್ತರಿ ಪಕ್ಕದ ಡಬ್ಬಿಯಲ್ಲಿ, ಯಾರಯಾರದೋ ಕತ್ತರಿ ಚಾಕುಗಳ ಮೇಲೆ, ಟಣ್ಣೆಂದು ಬಿದ್ದಿತು.

ವಿಮಾನದಲ್ಲಿ ಕುಳಿತ ಮೇಲೆ ನನ್ನ ಮನಸ್ಸು ಆ ನಿಯಮದ ಮೇಲೆ ವ್ಯಾಜ್ಯ ಹೂಡಿತು. ತಪ್ಪು ಮಾಡಿದವನಿಗೆ ಎದುರಾಳಿಯೊಬ್ಬ ಬೇಕಲ್ಲವೆ? ಎಪ್ಪತ್ತೆಂಟರ ಮುದುಕರು ಅಡಕತ್ತರಿಯಿಂದ ವಿಮಾನವನ್ನು ಅಪಹರಿಸಿಯಾರೆ! ಮನುಷ್ಯನ ಮುಖ ನೋಡದೆ ಕೈಯಲ್ಲಿರುವ ವಸ್ತುವನ್ನು ಮಾತ್ರ ನೋಡುವ ನಿಯಮ ಎಂಥ ನಿಯಮ? ನಮ್ಮ ಬಸ್ಸುಗಳಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರು ದಿನಾಲು ಓಡಾಡುತ್ತಾರೆ. ಕಂಡಕ್ಟರು ಅವರಿಗೆ ಟಿಕೆಟು ಕೊಡುತ್ತಾನೆ, ಅಡಿಕೆಯ ದರ ಕೇಳುತ್ತಾನೆ. ಕತ್ತಿಯನ್ನು ಅವನು ಕಾಣನೆಂದಲ್ಲ. ಕತ್ತಿಯ ಜೊತೆಗೆ ಮನುಷ್ಯನನ್ನೂ ಕಾಣುತ್ತಾನೆ.

ಆದರೆ ಈ ವಾದ ಬಹಳ ದೂರ ನಡೆಯಲಿಲ್ಲ. ಬಸ್ಸಿನಲ್ಲಿ ಜಗಳವಾದರೆ ಅರಬೈಲ್ ಘಟ್ಟದ ತಿರುವಿನಲ್ಲಾದರೂ ನಿಲ್ಲಿಸಿ ಇಳಿಸಬಹುದು, ಆಕಾಶದಲ್ಲಿ ಇಳಿಸುವುದೆಲ್ಲಿ? ಇನ್ನು ವಸ್ತುವಿನ ನಿರುಪದ್ರವವನ್ನು ಹೇಳುವುದಾದರೆ, 1978ರ ಡಿಸೆಂಬರ್ 20ರಂದು ಲಖನೌದಿಂದ ದಿಲ್ಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಯುವಕರು ವಾರಾಣಸಿಗೆ ತಿರುಗಿಸಿದರು. ಅವರ ಕೈಯಲ್ಲಿದ್ದ ಆಯುಧಗಳು ಒಂದು ಆಟಿಕೆಯ ಪಿಸ್ತೂಲು, ಒಂದು ಕ್ರಿಕೆಟ್ ಚೆಂಡು. ಇಬ್ಬರೂ ಮುಂದೆ ಉತ್ತರಪ್ರದೇಶದ ಶಾಸಕರಾದರು ಎಂಬುದು ಬೇರೆ ಮಾತು. ಮುಖ ನೋಡಿ ಮಣೆ ಹಾಕುವ ನನ್ನಂಥವರು ಅದನ್ನೂ ನೆನಪಿಡುವುದು ಒಳ್ಳೆಯದು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರ ಸೇರಿದಾಗ ಆಟಿಕೆಯ ಮಾತಿರಲಿಲ್ಲ. ಒಬ್ಬ ಪ್ರಯಾಣಿಕನ ಪ್ರಾಣ ಹೋಯಿತು, ಉಳಿದವರ ಬಿಡುಗಡೆಗಾಗಿ ಸೆರೆಯಲ್ಲಿದ್ದ ಮೂವರನ್ನು ಬಿಟ್ಟುಕೊಡಬೇಕಾಯಿತು. ನಮ್ಮ ನಿಲ್ದಾಣಗಳ ಕಾವಲನ್ನು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸತೊಡಗಿದ್ದು ಅದರ ಮರುವರ್ಷ. ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಹೀಗೆ ಯಾವುದೋ ಒಂದು ಕೆಟ್ಟ ದಿನ ನಿಂತಿದೆ. 2006ರ ಆಗಸ್ಟಿನಲ್ಲಿ, ಪಾನೀಯದ ಶೀಸೆಗಳಲ್ಲಿ ಸ್ಫೋಟಕ ದ್ರವ ತುಂಬಿ ವಿಮಾನ ಹತ್ತುವ ಸಂಚೊಂದು ಲಂಡನ್ನಿನಲ್ಲಿ ಬಯಲಾಯಿತು. ವಿದೇಶಕ್ಕೆ ಹೋಗುವವರ ಕೈಚೀಲದಲ್ಲಿ ಒಂದೊಂದು ಶೀಸೆ 100 ಮಿಲಿಲೀಟರಿಗೆ ಮೀರಕೂಡದೆಂಬ ಕಟ್ಟಳೆ ಬಂದದ್ದು ಆಗ. ಹೊಸ ಯಂತ್ರಗಳು ಬಂದಿರುವ ಕೆಲವು ನಿಲ್ದಾಣಗಳಲ್ಲಿ ಮಾತ್ರ ಈಚೆಗೆ ಅದು ಸಡಿಲವಾಗಿದೆ.

ಈ ಪಟ್ಟಿಯನ್ನು ಓದುವುದರಲ್ಲಿ ಒಂದು ವಿನೋದವೂ ಇದೆಯೆಂಬುದನ್ನು ಮರೆಮಾಚಲಾರೆ. ಶಿರಸಿಯವನೊಬ್ಬ ಅಮೆರಿಕದ ಮಗನಿಗೆಂದು ಕೈಚೀಲದಲ್ಲಿ ಬೆಲ್ಲ ಒಯ್ದರೆ, ಅಚ್ಚುಬೆಲ್ಲವಾದರೆ ಅದು ತಿಂಡಿ, ಜೋನಿಬೆಲ್ಲವಾದರೆ ದ್ರವ! ಒಂದೇ ಗದ್ದೆಯ ಕಬ್ಬಿಗೆ ಎರಡು ನ್ಯಾಯ. ಕೊಬ್ಬರಿಯಂಥ ಸಾಧು ಪದಾರ್ಥವೂ ಅಪಾಯದ ಪಟ್ಟಿಯಲ್ಲಿದೆ. ಎಣ್ಣೆಯ ಅಂಶ ಹೆಚ್ಚಾದುದರಿಂದ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿಗೆ ಅದನ್ನು ಸೇರಿಸಿದ್ದಾರೆ. ಅದೇ ಮೊಬೈಲಿಗೆ ಜೀವ ತುಂಬುವ ಪವರ್ ಬ್ಯಾಂಕ್ ಇದೆಯಲ್ಲ, ಅದು ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೇ ಕೈಯಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿಡುವಂತಿಲ್ಲ. ಮೇಲೆ ಹೊತ್ತಿಕೊಂಡರೆ ಆರಿಸಲು ಜನರಿದ್ದಾರೆ, ಕೆಳಗೆ ಯಾರಿದ್ದಾರೆ? ಯೋಚಿಸಿದರೆ ಎಲ್ಲಕ್ಕೂ ಅರ್ಥವಿದೆ. ನಿಯಮವನ್ನು ದಡ್ಡತನವೆಂದು ಜರೆಯುವ ಸುಖ ಕೂಡ ಹೀಗೆ ಕೈತಪ್ಪಿತು.

ಉಳಿದದ್ದು ವಿನಾಯಿತಿಯ ಪ್ರಶ್ನೆ. ನನ್ನ ಮಟ್ಟಿಗೆ ಗಂಟಿರುವುದು ಇಲ್ಲಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಿಖ್ಖರು ಕಿರ್ಪಾಣವನ್ನು ಧರಿಸಿ ಕೂಡಬಹುದು; ಅಲಗು 6 ಇಂಚಿಗೂ ಒಟ್ಟು ಉದ್ದ 9 ಇಂಚಿಗೂ ಮೀರಬಾರದು ಎಂದು 2022ರ ಆಜ್ಞೆ ಹೇಳುತ್ತದೆ. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿಯಿರುತ್ತದೆ. ಅದನ್ನು ಕೈಯಲ್ಲಿ ಒಯ್ಯಲು 2024ರ ಅಕ್ಟೋಬರಿನಲ್ಲಿ, ಮರುವರ್ಷದ ಜನವರಿ 20ರವರೆಗೆ, ಅನುಮತಿ ಕೊಟ್ಟರು. ತಪಾಸಣೆ ತಪ್ಪಲಿಲ್ಲ, ಕಾಯಿ ಮಾತ್ರ ಯಜಮಾನನ ತೊಡೆಯ ಮೇಲೆ ಉಳಿಯಿತು. ಹಾಗಾದರೆ ಅಡಕತ್ತರಿಗೇಕಿಲ್ಲ ಎಂದು ನಾನು ಕೇಳಬಹುದಾಗಿತ್ತು. ಕೇಳುವುದು ನ್ಯಾಯವೂ ಆಗಿರುತ್ತಿತ್ತು. ಉತ್ತರ ಏನು ಬಂದರೂ ಅದು ಎಲ್ಲರೆದುರಿಗೆ ಕೇಳಿದ ಪ್ರಶ್ನೆಗೆ ಎಲ್ಲರೆದುರಿಗೆ ಸಿಕ್ಕ ಉತ್ತರ. ನಾನು ಮಾಡಿದ್ದು ಅದಲ್ಲ. ಕತ್ತಲೆಯಲ್ಲಿ, ನನ್ನ ಮನೆಯವರಿಗೆ, ನಾನೇ ಒಂದು ವಿನಾಯಿತಿಯನ್ನು ಬರೆದುಕೊಟ್ಟೆ. ನಿಯಮವಿರುವುದು ಅಪರಿಚಿತರಿಗೆ, ನಾವು ಅಪರಿಚಿತರಲ್ಲ ಎಂಬ ಭಾವ! ಯಾರಿಗೆ ಅಪರಿಚಿತರಲ್ಲ? ಸರದಿಯಲ್ಲಿ ನಿಂತ ನೂರು ಜನರಲ್ಲಿ ಒಬ್ಬೊಬ್ಬನೂ ಹಾಗೆಯೇ ಎಣಿಸಿರಲಿಲ್ಲವೆ? ಪಕ್ಕದವನನ್ನು ಚೆನ್ನಾಗಿ ಶೋಧಿಸಲಿ, ನನ್ನನ್ನು ನಂಬಲಿ.

ಇಲ್ಲಿ ನನಗೆ ಅಬ್ದುಲ್ ಕಲಾಮರ ನೆನಪಾಗುತ್ತದೆ. ಮಾಜಿ ರಾಷ್ಟ್ರಪತಿಗಳನ್ನು ನಮ್ಮ ನಿಲ್ದಾಣಗಳಲ್ಲಿ ತಪಾಸಣೆ ಮಾಡುವಂತಿಲ್ಲ. ಅವರ ವಿನಾಯಿತಿ ಕತ್ತಲೆಯದಲ್ಲ, ಸರಕಾರದ ಪಟ್ಟಿಯಲ್ಲಿ ಅಚ್ಚಾದದ್ದು. ಆದರೂ 2009ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆಯೊಂದರ ನೌಕರರು ಅವರ ಮೈ ತಡವಿ, ಪಾದರಕ್ಷೆ ತೆಗೆಸಿದರು. ಅವರು ಮಾತಾಡದೆ ತೆಗೆದುಕೊಟ್ಟು ವಿಮಾನ ಹತ್ತಿದರು. ಸುದ್ದಿ ಹೊರಬಿದ್ದು ಸಂಸತ್ತಿನಲ್ಲಿ ಗದ್ದಲವಾದದ್ದು, ಸಂಸ್ಥೆ ಕ್ಷಮೆ ಬೇಡಿದ್ದು ಜುಲೈಯಲ್ಲಿ. ಆ ನೌಕರರು ಮಾಡಿದ್ದು ತಪ್ಪೇ. ಆದರೆ ತಮಗಿದ್ದ ಹಕ್ಕನ್ನೂ ಎತ್ತಿ ಆಡದ ಅವರೆಲ್ಲಿ, ಇಲ್ಲದ ಹಕ್ಕನ್ನು ಸಂಚಿಯಲ್ಲಿ ಬಚ್ಚಿಟ್ಟ ನಾನೆಲ್ಲಿ!

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ಇಪ್ಪತ್ತು ವರ್ಷಗಳಿಂದ ನಾನು ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ನಿಂತು ಹುಡುಗರ ಜೇಬು ತಪಾಸಣೆ ಮಾಡುತ್ತ ಬಂದವನು. ಒಮ್ಮೆ ತರಗತಿಗೇ ಮೊದಲಿಗನಾದ ಹುಡುಗನೊಬ್ಬ ಜೇಬು ಹೊರಚಾಚಿ ತೋರಿಸುವಾಗ ಕಣ್ಣಲ್ಲಿ ನೀರು ತಂದುಕೊಂಡ. “ನಿನ್ನ ಮೇಲೆ ಸಂಶಯವಲ್ಲಪ್ಪ, ಇದು ನಿಯಮ” ಎಂದೆ. ಮಾತು ನಿಜವೇ. ಅವನನ್ನು ಬಿಟ್ಟು ಹಿಂದಿನ ಬೆಂಚಿನವನನ್ನು ಹಿಡಿದಿದ್ದರೆ, ಸಂಶಯವೆಂಬುದು ಆಗ ಹುಟ್ಟುತ್ತಿತ್ತು. ಎಲ್ಲರ ಜೇಬನ್ನೂ ನೋಡುವುದರಿಂದಲೇ ಯಾರಿಗೂ ಅವಮಾನವಾಗದು ಎಂದು ನಾನು ಅವನಿಗೆ ತಿಳಿಸಿ ಹೇಳಿದೆ, ಅವನು ತಲೆದೂಗಿದ, ಕಣ್ಣೀರು ಮಾತ್ರ ನಿಲ್ಲಲಿಲ್ಲ. ಬುದ್ಧಿಗೆ ಒಪ್ಪಿಗೆಯಾದದ್ದು ಮೈಗೆ ಒಪ್ಪಿಗೆಯಾಗಲು ಬೇರೆಯೇ ಕಾಲ ಬೇಕೇನೊ. ಇರಲಿ. ಅದೇ ಕೊಠಡಿಯಲ್ಲಿ ಬೆಂಚಿನ ಕೆಳಗೆ ಚೀಟಿಯೊಂದು ಸಿಕ್ಕಿದಾಗ “ಇದು ಯಾರದು?” ಎಂದು ಕೇಳುತ್ತೇನೆ. ಯಾರೂ ಉಸಿರೆತ್ತುವುದಿಲ್ಲ. ನಕಲು ಮಾಡಿದ್ದಕ್ಕಿಂತ ಆ ಮೌನ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಹೇಡಿತನದ ಮೇಲೆ ಕಾಲು ಗಂಟೆ ಉಪನ್ಯಾಸ ಕೊಟ್ಟದ್ದೂ ಉಂಟು. ಆ ಉಪನ್ಯಾಸ ಕೇಳಿದವರಲ್ಲಿ ಸರದಿಯಲ್ಲಿದ್ದ ಆ ಹುಡುಗಿಯೂ ಒಬ್ಬಳು.

ದೊಡ್ಡಪ್ಪ ಸುಳ್ಳಾಡಿದರೆ? ತಿಳಿಯದೆ ಇಟ್ಟುಕೊಂಡೆ ಎಂದರು, ಅದು ನಿಜ. ತಪ್ಪು ತನ್ನದೇ ಎಂದರು, ಅದು ನಿಜವಲ್ಲ. ಅಡಿಕೆಯ ತೂಕದಲ್ಲಿ ಒಂದು ತೊಲ ಹೆಚ್ಚುಕಡಿಮೆ ಹೇಳಿದವರಲ್ಲ ಅವರು. ಆ ಒಂದು ವಾಕ್ಯವನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ಅದು ಮಗುವಿನ ತಲೆಗೆ ಪೆಟ್ಟಾಗದಂತೆ ಬಾಗಿಲ ಮೇಲಡ್ಡಕ್ಕೆ ಕೈ ಹಿಡಿದಂತಿತ್ತು. ಸುಳ್ಳಿನ ಪಾಪ ಯಾರಿಗೆ ಸೇರಬೇಕೆಂಬುದಕ್ಕೆ ಧರ್ಮಶಾಸ್ತ್ರ ಬಲ್ಲವರ ತೀರ್ಪು ಬೇಕಿಲ್ಲ. ದಿಲ್ಲಿಯಲ್ಲಿದ್ದ ಹದಿನೈದು ದಿನವೂ ಅವರು ಆ ಮಾತೆತ್ತಲಿಲ್ಲ. ಅಲ್ಲಿಯ ಅಂಗಡಿಯಲ್ಲಿ ಸಿಕ್ಕ ಅಡಿಕೆಚೂರನ್ನು ಬಾಯಿಗೆ ಹಾಕಿಕೊಂಡು, “ಇದು ಯಾವಾಗ ಕತ್ತರಿಸಿದ್ದೇನೊ” ಎಂದು ಮಾತ್ರ ಗೊಣಗಿದರು.

ಹಿಂದಿರುಗುವಾಗ ಕೈಚೀಲದಲ್ಲಿ ಒಂದು ಹಿತ್ತಾಳೆಯ ಗಂಟೆಯಿತ್ತು. ಹೆರಿಗೆ ಸುಸೂತ್ರವಾದರೆ ಚಂದಗುಳಿಯ ಗಣಪತಿಗೆ ಕಟ್ಟಿಸುತ್ತೇನೆಂದು ಮಗಳು ಹೇಳಿಕೊಂಡಿದ್ದಳು. ಈ ಸಲ ನಾನು, ಯಂತ್ರಕ್ಕೆ ಚೀಲ ಕೊಡುವ ಮೊದಲೇ, ಇದರಲ್ಲಿ ಗಂಟೆಯಿದೆ ಎಂದು ಕೇಳದಿದ್ದರೂ ಹೇಳಿದೆ. ಆದರೂ ಚೀಲವನ್ನು ಪಕ್ಕಕ್ಕೆ ಎಳೆದರು. ಕಾವಲಿನವನೊಬ್ಬ ಗಂಟೆಯನ್ನು ತೆಗೆದು, ತಿರುಗಿಸಿ, ಒಳಗೆ ಬೆರಳಾಡಿಸಿ ನೋಡಿದ. ಆಮೇಲೆ ಏನನ್ನಿಸಿತೊ, ಒಮ್ಮೆ ಬಾರಿಸಿದ. ಸರದಿಯೆಲ್ಲ ತಿರುಗಿ ನೋಡಿತು. ಇಬ್ಬರು ಮೂವರ ಕೈ ತಾನಾಗಿ ಎದೆಗೆ ಹೋಯಿತು. ಅವನು ನಾಚಿದಂತೆ ನಕ್ಕು ಗಂಟೆಯನ್ನು ಚೀಲದಲ್ಲಿಟ್ಟ.

ಮುಂದಿನ ಸಂಕಷ್ಟಿಯ ದಿನ ಚಂದಗುಳಿಯಲ್ಲಿ ಗಂಟೆ ಕಟ್ಟಿದೆವು. ಪೂಜೆ ಮುಗಿದು ಪ್ರಸಾದವಾದ ಮೇಲೆ ಜಗಲಿಯ ಮೇಲೆ ಕುಳಿತೆವು. ನಾನು ಯಲ್ಲಾಪುರದ ಪೇಟೆಯಲ್ಲಿ ಕೊಂಡು ತಂದಿದ್ದ ಹೊಸ ಅಡಕತ್ತರಿಯನ್ನು ದೊಡ್ಡಪ್ಪ ಮನೆಯಲ್ಲಿಯೇ ಬಿಟ್ಟು ಬಂದಿದ್ದರು. ಅಂದು ರಾತ್ರಿ ನಾನೇ ಅಡ್ಡಿಲ್ಲ ಎಂದದ್ದು, ಪಟ್ಟಿ ಓದಿಯೂ ಎಂದದ್ದು, ಇಷ್ಟನ್ನಾದರೂ ಹೇಳಿಬಿಡೋಣವೆಂದು, “ದೊಡ್ಡಪ್ಪ, ಅವತ್ತು...” ಎಂದು ಶುರುಮಾಡಿದೆ. ಅಷ್ಟರಲ್ಲಿ ಅವರು ಸಂಚಿ ಬಿಚ್ಚಿ, ಅಡಿಕೆಯೊಂದನ್ನು ಹಿಡಿದುಕೊಂಡು, ಆಚೆ ಬದಿಗೆ ಕುಳಿತಿದ್ದವರ ಕಡೆಗೆ ಸುಮ್ಮನೆ ಕೈ ಚಾಚಿದ್ದರು. ಆತ ಯಾರೋ, ಯಾವ ಊರಿನವರೋ. ತಮ್ಮ ಸಂಚಿಯಿಂದ ಅಡಕತ್ತರಿ ತೆಗೆದು, ಅಲಗನ್ನು ತಮ್ಮ ಕಡೆ ಮಾಡಿಕೊಂಡು, ಹಿಡಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಅಡಿಕೆ ಕತ್ತರಿಸಿ, ಅರ್ಧ ಅವರಿಗೆ ಕೊಟ್ಟು, ಅಡಕತ್ತರಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಹೇಳಿದರು:

“ಮೊಂಡಾಜು. ಒಂದ್ಸಲ ಆಚಾರಿ ಹತ್ರ ಕೊಡವು.”