ಕಿಟಕಿ ಮುಚ್ಚದ ತಂದೆ

ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಕೇಲಾಂಗ್ ಅಂತ ಒಂದು ಊರಿದೆ. 3,000 ಮೀಟರಿಗಿಂತ ಎತ್ತರದಲ್ಲಿದೆ. 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯುವ ತನಕ, ರೋಹ್ತಾಂಗ್ ಪಾಸ್ ಹಿಮದಿಂದ ಮುಚ್ಚಿತು ಅಂದ್ರೆ ತಿಂಗಳುಗಟ್ಟಲೆ ಮನಾಲಿ ಕಡೆಗೆ ದಾರಿಯೇ ಇರ್ತಿರಲಿಲ್ಲ.

ಅಲ್ಲಿ ಈಗಷ್ಟೇ ತಂದೆಯಾದ ಒಬ್ಬನನ್ನು ನೆನೆಸಿಕೊಳ್ಳಿ. ಬೇಸಿಗೆಯಲ್ಲೇ ಸೌದೆ ಕೂಡಿಟ್ಟಿದ್ದಾನೆ. ಬೆಳಿಗ್ಗೆ ಮಾಳಿಗೆ ಹತ್ತಿ ಸಲಿಕೆಯಿಂದ ಹಿಮ ತೆಗೀತಾನೆ, ಇಲ್ಲದಿದ್ದರೆ ಭಾರಕ್ಕೆ ಮಾಳಿಗೆ ಕುಸಿಯಬಹುದು. ರಾತ್ರಿ ಎದ್ದೆದ್ದು ಒಲೆಗೆ ಸೌದೆ ಹಾಕ್ತಾನೆ. ಮಗುವಿಗೆ ಇದೊಂದೂ ಗೊತ್ತಿಲ್ಲ.

ಇನ್ನೊಂದು ಕೆಲಸ ಮಾಡ್ತಾನೆ. ಅಷ್ಟು ಚಳಿಯಲ್ಲೂ ಕಿಟಕಿಯನ್ನು ಸ್ವಲ್ಪ ತೆರೆದೇ ಇಡ್ತಾನೆ. ಯಾಕೆ? ಮುಚ್ಚಿದ ಕೋಣೆಯಲ್ಲಿ ಒಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತೆ. ತಣ್ಣನೆ ಗಾಳಿ ತಾಗಿ ಮಗು ಅತ್ತರೂ ತಂದೆ ಕಿಟಕಿ ಮುಚ್ಚಲ್ಲ.

ಪ್ರಿಯರೇ, ನಾವು ಬೆಚ್ಚಗಿನ ಕೋಣೆ ಕೇಳ್ತೀವಿ. ಇಷ್ಟಪಟ್ಟ ಕೆಲಸ ತಪ್ಪಿದರೆ, ಒಂದು ಸಂಬಂಧ ಮುರಿದರೆ, "ದೇವರು ನನ್ನನ್ನು ಮರೆತ" ಅಂತೀವಿ. ಎಲ್ಲ ಚಳಿಗೂ ಇವತ್ತೇ ಉತ್ತರ ಸಿಗಲ್ಲ. ಆದರೆ 121ನೇ ಕೀರ್ತನೆಯ ದೇವರು ರಾತ್ರಿಯೆಲ್ಲ ಎಚ್ಚರವಾಗಿರುವ ದೇವರು. ಒಲೆ ಹಚ್ಚಿದ ಕೈಯೇ ಕಿಟಕಿಯನ್ನೂ ತೆರೆದಿದೆ. ಹಲ್ಲೆಲೂಯಾ!

ನಿಮ್ಮಲ್ಲಿ ಹೊಸದಾಗಿ ತಂದೆಯಾದವರಿಗೆ ಒಂದು ಮಾತು: ಈ ರಾತ್ರಿ ಮಗು ಅತ್ತರೆ, ಹೆಂಡತಿಯನ್ನು ಮಲಗಲು ಬಿಟ್ಟು ನೀವೇ ಎದ್ದೇಳಿ. ಅದೂ ಆರಾಧನೆಯೇ. ಆಮೆನ್.