ತನ್ನದಲ್ಲದ್ದನ್ನು ದಾನ ಮಾಡಬಹುದೆ?

ಕೋಲಾರ ಜಿಲ್ಲೆಯ ಮೂವರು ಕೃತಿಕಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡೋಣ. ಶ್ರೀಪಾದರಾಜರು ತೀರಿಕೊಂಡು ಶತಮಾನಗಳೇ ಕಳೆದಿವೆ. ಅವರ ವೃಂದಾವನ ಮುಳಬಾಗಿಲಿನ ನರಸಿಂಹತೀರ್ಥದಲ್ಲಿದೆ. ಅವರ ಕೀರ್ತನೆಗಳನ್ನು ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಬಹುದು, ಮಾರಬಹುದು. ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ ಡಿವಿಜಿಯವರು ಬದುಕಿದ್ದಾಗ ಪ್ರಕಟವಾದ ಕೃತಿಗಳು, ಹಕ್ಕುದಾರರೇ ಮೊದಲು ಬಿಟ್ಟುಕೊಡದಿದ್ದರೆ, ಎಲ್ಲರ ಸೊತ್ತಾಗುವುದು 2036ರ ಜನವರಿ 1ಕ್ಕೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ತೀರಿಕೊಂಡದ್ದು 1986ರಲ್ಲಿ. ಅವರ ಕೃತಿಗಳಿಗೆ ಆ ದಿನ ಬರುವುದು 2047ರಲ್ಲಿ.

ಆದರೆ ಕಂಪ್ಯೂಟರಿಗೆ ಈ ಮೂವರ ನಡುವೆ ವ್ಯತ್ಯಾಸ ಗೊತ್ತಿಲ್ಲ. ಮೂವರ ಬರಹವೂ ಅದಕ್ಕೆ ಒಂದೇ ಬಗೆಯ ಕಡತ. 1943ರಲ್ಲಿ ಹೊರಬಂದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳ ಮೇಲೆ ಪ್ರೀತಿ ಇರುವ ತರುಣನೊಬ್ಬ ರಾತ್ರಿ ಕೂತು ಅವನ್ನು ಟೈಪ್ ಮಾಡುತ್ತಾನೆ, ಒಂದು ಆ್ಯಪ್ ಬರೆಯುತ್ತಾನೆ, ಪದ್ಯಗಳನ್ನೂ ಕೋಡನ್ನೂ ಒಟ್ಟಿಗೆ ಗಿಟ್‌ಹಬ್‌ನಂಥ ಸಾರ್ವಜನಿಕ ತಂತ್ರಾಂಶ ಭಂಡಾರಕ್ಕೆ ಏರಿಸುತ್ತಾನೆ. ಜೊತೆಗೆ, ಇದನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಒಂದು ಲೈಸೆನ್ಸ್ ಹಾಕುತ್ತಾನೆ. ಕೋಡು ಅವನದು, ಅದನ್ನು ಕೊಡುವ ಹಕ್ಕು ಅವನಿಗಿದೆ. ಪದ್ಯಗಳು ಅವನವಲ್ಲ. ಆ ಲೈಸೆನ್ಸ್ ಒಂದೇ ಉಸಿರಿನಲ್ಲಿ ಎರಡನ್ನೂ ಕೊಟ್ಟುಬಿಡುತ್ತದೆ. ಅವನ ಮನಸ್ಸು ಒಳ್ಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. ಹಾಗಿದ್ದರೂ ನಾನು ಕೇಳುವ ಪ್ರಶ್ನೆ ಇದು: ತನ್ನದಲ್ಲದ್ದನ್ನು ಕೊಟ್ಟರೆ ಅದು ದಾನವಾಗುತ್ತದೆಯೆ?

ಈ ಪ್ರಶ್ನೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದು ಚರ್ಚಿಸುವ ವ್ಯವಹಾರದ, ಅಂದರೆ ನ್ಯಾಯವಿಚಾರಣೆಯ, ಹದಿನೆಂಟು ವಿವಾದಗಳಲ್ಲಿ ಅಸ್ವಾಮಿವಿಕ್ರಯವೂ ಒಂದು. ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ಕೊಂಡವನು ತನಗೆ ಮಾರಿದವನನ್ನು ತೋರಿಸಿಕೊಟ್ಟರೆ ತಪ್ಪಿನಿಂದ ಪಾರಾಗುತ್ತಾನೆ, ವಸ್ತು ಮಾತ್ರ ಒಡೆಯನಿಗೇ ಹಿಂದಿರುಗುತ್ತದೆ. ಒಡೆಯನಿಗೆ ಆದ ನಷ್ಟದ ಜೊತೆಗೆ, ನಂಬಿ ಪಡೆದವನ ಪಾಡೇನು ಎಂಬುದನ್ನೂ ಈ ನಿಯಮ ಯೋಚಿಸಿದೆ.

ಕಡತದ ವಿಷಯ ಒಡೆಯನಲ್ಲದವನು ಮಾರಿದ ಹಸುವಿನಂತಲ್ಲ, ನಕಲು ಮಾಡಿದರೆ ಮೂಲ ಎಲ್ಲಿಗೂ ಹೋಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಹಕ್ಕುಸ್ವಾಮ್ಯವನ್ನು ಕಳ್ಳತನದ ಭಾಷೆಯಲ್ಲಿ ಮಾತ್ರ ವಿವರಿಸುವವರು ಈ ಮಾತಿಗೆ ಸರಿಯಾದ ಉತ್ತರ ಕೊಡಲಾರರು. ನನ್ನ ವಾದ ಬೇರೆ. ಅನುಮತಿ ಇಲ್ಲದೆ ಏರಿಸಿದ ಕಡತದಿಂದ ಆಗುವ ದೊಡ್ಡ ಹಾನಿ ಒಡೆಯನಿಗಲ್ಲ. ಅದನ್ನು ನಂಬಿ ತೆಗೆದುಕೊಂಡವರಿಗೆ, ಕೊನೆಗೆ ಆ ಸಾರ್ವಜನಿಕ ಭಂಡಾರಕ್ಕೇ.

ಭಂಡಾರಗಳು ಕೆಲಸ ಮಾಡುವ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ. ಗ್ರಂಥಾಲಯದ ಪುಸ್ತಕವನ್ನು ಓದಿ ಹಿಂದಿರುಗಿಸುತ್ತೇವೆ. ತಂತ್ರಾಂಶ ಭಂಡಾರದ ಕಡತವನ್ನು ಹಾಗಲ್ಲ, ಅದನ್ನು ಎತ್ತಿಕೊಂಡು ಅದರ ಮೇಲೆ ಇನ್ನೊಂದನ್ನು ಕಟ್ಟುತ್ತೇವೆ, ಅದರ ಮೇಲೆ ಮತ್ತೊಬ್ಬರು ಕಟ್ಟುತ್ತಾರೆ. ಡೆಬಿಯನ್ ಎಂಬ ಸ್ವಯಂಸೇವಕರ ಭಂಡಾರಕ್ಕೆ ಸೇರಿದ್ದು ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಗೆ ಹೋಗುತ್ತದೆ, ಅಲ್ಲಿಂದ ಶಾಲೆಯ ಕಂಪ್ಯೂಟರಿಗೆ. ಕೋಲಾರದ ಕೆರೆಗಳೂ ಹೀಗೇ ಒಂದಕ್ಕೊಂದು ಹೆಣೆದುಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ. ಮೇಲಿನ ಕೆರೆಗೆ ಬಿದ್ದ ಹೊಲಸು ಮೇಲಿನ ಊರಿನದಾಗಿ ಮಾತ್ರ ಉಳಿಯುವುದಿಲ್ಲ, ಕೊನೆಯ ಊರಿನ ನೀರುಗಂಟಿ ತೂಬು ತೆಗೆದಾಗ ಅದೇ ನೀರು ಗದ್ದೆಗೆ ಹರಿಯುತ್ತದೆ. ಆ ಊರಿನವರು ಏನೂ ತಪ್ಪು ಮಾಡಿರುವುದಿಲ್ಲ.

ಡೆಬಿಯನ್‌ನವರು ಇದನ್ನು ಮೊದಲೇ ಅರಿತರು. ಹೊಸ ಪ್ಯಾಕೇಜು ಭಂಡಾರಕ್ಕೆ ಸೇರುವ ಮುನ್ನ ಸ್ವಯಂಸೇವಕರ ಒಂದು ತಂಡ ಅದರ ಹಕ್ಕುಸ್ವಾಮ್ಯದ ವಿವರಗಳನ್ನು ಪರಿಶೀಲಿಸುತ್ತದೆ. ಪ್ರತಿ ಪ್ಯಾಕೇಜಿನ ಜೊತೆ ‘ಕಾಪಿರೈಟ್’ ಎಂಬ ಹೆಸರಿನ ಕಡತ ಇರಲೇಬೇಕು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಆ ಭಂಡಾರದಲ್ಲಿ ಇರುವುದು ಈ ಪರೀಕ್ಷೆ ದಾಟಿಯೇ. ನಾವು ಅವನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದು ಯಾರೋ ಕೂತು ಆ ಬೇಸರದ ಕೆಲಸ ಮಾಡಿದ್ದರಿಂದ.

ಫಾಂಟಿನ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಶ್ರೀನಿವಾಸಪುರದಲ್ಲೋ ಮಾಲೂರಿನಲ್ಲೋ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿಗೆ ಹೋದರೆ ಕಂಪ್ಯೂಟರಿನಲ್ಲಿ ರಾಶಿ ಫಾಂಟುಗಳಿರುತ್ತವೆ. ಒಬ್ಬರಿಂದ ಒಬ್ಬರಿಗೆ ಪೆನ್‌ಡ್ರೈವಿನಲ್ಲಿ ಬಂದವು. ಯಾರು ಮಾಡಿದ್ದು ಎಂದು ಯಾರೂ ಕೇಳಿರುವುದಿಲ್ಲ. ಆದರೆ ಫಾಂಟಿನ ಕಡತ ಅನಾಮಧೇಯವಲ್ಲ. ಅದರೊಳಗೆ ಹೆಸರುಗಳ ಪಟ್ಟಿಯೊಂದಿದೆ. ಅದರಲ್ಲಿ ಸೊನ್ನೆಯ ಸಂಖ್ಯೆಯ ಜಾಗ ಹಕ್ಕುಸ್ವಾಮ್ಯದ ಘೋಷಣೆಗೆ, 13ನೆಯದು ಲೈಸೆನ್ಸಿನ ವಿವರಣೆಗೆ, 14ನೆಯದು ಲೈಸೆನ್ಸಿನ ಜಾಲವಿಳಾಸಕ್ಕೆ ಮೀಸಲು. ವಿಂಡೋಸ್ ಜೊತೆ ಬರುವ ತುಂಗಾ ಫಾಂಟನ್ನು ತೆರೆದರೆ ಅದು ಮೈಕ್ರೋಸಾಫ್ಟಿನದು ಎಂಬ ಮಾತು ಅಲ್ಲೇ ಸಿಗುತ್ತದೆ. ‘ಬಾಲೂ ತಮ್ಮ’ವನ್ನು ತೆರೆದರೆ ಓಪನ್ ಫಾಂಟ್ ಲೈಸೆನ್ಸ್ ಎಂದಿರುತ್ತದೆ. ಆ ಲೈಸೆನ್ಸ್ ಬಳಸಿ, ತಿದ್ದಿ, ಹಂಚಿ ಎನ್ನುತ್ತದೆ. ಫಾಂಟೊಂದನ್ನೇ ಬಿಡಿಯಾಗಿ ಮಾರಬೇಡಿ ಎನ್ನುತ್ತದೆ. ಪರದೆಯ ಮೇಲೆ ಎರಡೂ ಕನ್ನಡ ಅಕ್ಷರವೇ. ಆದರೆ ತುಂಗಾವನ್ನು ತನ್ನ ಆ್ಯಪಿನ ಜೊತೆ ಕಟ್ಟಿ ಭಂಡಾರಕ್ಕೆ ಏರಿಸುವ ಅನುಮತಿ ವಿಂಡೋಸ್ ಜೊತೆ ಬರುವುದಿಲ್ಲ, ಬಾಲೂ ತಮ್ಮಕ್ಕೆ ಆ ಅನುಮತಿ ಇದೆ. ಈ ವ್ಯತ್ಯಾಸ ತಿಳಿಯಲು ವಕೀಲರು ಬೇಕಿಲ್ಲ, ಕಡತವನ್ನು ತೆರೆದು ಓದುವ ತಾಳ್ಮೆ ಸಾಕು.

ಲೈಸೆನ್ಸ್ ಎಂಬ ಕಡತವೇ ಇಲ್ಲದಿದ್ದರೆ? ಬಹಳ ಜನ ಅದನ್ನು ‘ಹಾಗಾದರೆ ಎಲ್ಲರದು’ ಎಂದು ತಿಳಿಯುತ್ತಾರೆ. ಕಾನೂನು ಹೇಳುವುದು ತದ್ವಿರುದ್ಧ. 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಂ ಕೂಡ ನಮ್ಮಲ್ಲಿ ಸಾಹಿತ್ಯ ಕೃತಿಯ ಸಾಲಿಗೆ ಸೇರಿತು. ಕಾಯಿದೆಯ ಕಣ್ಣಿನಲ್ಲಿ ಕಗ್ಗವೂ ಕೋಡೂ ಒಂದೇ ವರ್ಗ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಆದ್ದರಿಂದ ಮೌನ ಸಮ್ಮತಿಯಲ್ಲ. ಮಾಲೂರು, ಬಂಗಾರಪೇಟೆಗಳಿಂದ ದಿನಾ ರೈಲಿನಲ್ಲಿ ವೈಟ್‌ಫೀಲ್ಡಿಗೆ ಹೋಗಿಬರುವ ಇಂಜಿನಿಯರುಗಳು ಇನ್ನೂ ಒಂದು ಮಾತು ನೆನಪಿಡಬೇಕು. ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಒಡೆಯ ಕಂಪನಿ. ತನ್ನ ಕೈಯಾರೆ ಬರೆದಿದ್ದರೂ ಅದನ್ನು ಕೊಡುವ ಹಕ್ಕು ತನ್ನದಾಗಿರದೆ ಇರಬಹುದು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರ ಮಾಡಬಾರದು. ನಮ್ಮ ಪರಂಪರೆಯಲ್ಲಿ ಹಾಡು, ವಚನ, ಕಥೆ ಬಾಯಿಂದ ಬಾಯಿಗೆ ಹರಿದು ಉಳಿದವು. ಅನುಮತಿ ಪತ್ರಕ್ಕಾಗಿ ಕಾದಿದ್ದರೆ ದಾಸರ ಪದಗಳು ಹಳ್ಳಿ ಹಳ್ಳಿ ಮುಟ್ಟುತ್ತಿದ್ದವೆ? ಮುಟ್ಟುತ್ತಿರಲಿಲ್ಲ. ಆದರೆ ಆ ಪರಂಪರೆಯೂ ಎಲ್ಲವನ್ನೂ ಸಡಿಲ ಬಿಟ್ಟಿರಲಿಲ್ಲ. ಶ್ರೀಪಾದರಾಜರ ಪದವನ್ನು ಯಾರು ಹಾಡಿದರೂ ಕೊನೆಗೆ ರಂಗವಿಠಲ ಎಂಬ ಅಂಕಿತ ಬರಲೇಬೇಕು. ಹಂಚಿಕೆಗೆ ತಡೆಯಿಲ್ಲ, ಕರ್ತೃವನ್ನು ಅಳಿಸಲು ಅವಕಾಶವಿಲ್ಲ. ಇಂದಿನ ಮುಕ್ತ ತಂತ್ರಾಂಶ ಲೈಸೆನ್ಸುಗಳಲ್ಲಿ ಬಹಳ ಉದಾರವಾದವುಗಳಲ್ಲೂ ಹೆಚ್ಚಿನವು ಬರೆದವರ ಹೆಸರನ್ನು ಉಳಿಸಿಕೊಳ್ಳಿ ಎಂದೇ ಕೇಳುತ್ತವೆ.

1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಜಿಪಿಎಲ್ ಎಂಬ ಲೈಸೆನ್ಸ್ ಇನ್ನೂ ಮುಂದಕ್ಕೆ ಹೋಯಿತು. ಇದನ್ನು ತಿದ್ದಿ ಹಂಚುವವನು ಮುಂದಿನವರಿಗೂ ಅದೇ ಸ್ವಾತಂತ್ರ್ಯ ಕೊಡಬೇಕು ಎಂಬುದು ಅದರ ಷರತ್ತು. ಆ ಷರತ್ತಿಗೆ ಬಲ ಬಂದದ್ದು ಹಕ್ಕುಸ್ವಾಮ್ಯದ ಕಾನೂನಿನಿಂದಲೇ. ಅಂದರೆ ಮುಕ್ತ ತಂತ್ರಾಂಶದ ಮನೆ ನಿಂತಿರುವುದು ಹಕ್ಕನ್ನು ಗೌರವಿಸುವ ನೆಲದ ಮೇಲೆ. ಲೈಸೆನ್ಸ್ ಓದುವುದು ದಂಡ ಎನ್ನುವವನು ದೊಡ್ಡ ಕಂಪನಿಯೊಂದು ಜಿಪಿಎಲ್ ಮುರಿದಾಗ ಯಾವ ಬಾಯಿಂದ ಕೇಳಿಯಾನು?

ಅನುಮತಿಯ ಲೆಕ್ಕ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಕಂಡಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಹಳೆಯ ಪುಸ್ತಕಗಳನ್ನು ಭಾರಿ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಿತು, ಅದರಲ್ಲಿ ಕನ್ನಡದವೂ ಬಹಳ. ಹಕ್ಕುಸ್ವಾಮ್ಯದ ಪ್ರಶ್ನೆ ಎದ್ದ ಮೇಲೆ ಆ ಜಾಲತಾಣವೇ ಮುಚ್ಚಿತು. ಅದರಲ್ಲಿ ಹಕ್ಕು ಎಂದೋ ಮುಗಿದ ಪುಸ್ತಕಗಳೂ ಇದ್ದವು. ಅನುಮಾನದ ಪುಸ್ತಕಗಳ ಜೊತೆ ಅವೂ ಕಣ್ಮರೆಯಾದವು. ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದದ್ದು ನಮ್ಮ ಪುಣ್ಯ.

ಹಾಗೆಂದು ಹೊಣೆಯೆಲ್ಲ ಏರಿಸುವವನದೇ ಅಲ್ಲ. ಹಕ್ಕಿನ ಅವಧಿ ನಮ್ಮಲ್ಲಿ ಮೊದಲು 50 ವರ್ಷವಿತ್ತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಅದನ್ನು 60ಕ್ಕೆ ಏರಿಸಿದರು. ಒಬ್ಬ ಮಹಾಕವಿಯ ನೆಪದಲ್ಲಿ ಅಸಂಖ್ಯ ಸಾಮಾನ್ಯ ಲೇಖಕರ ಪುಸ್ತಕಗಳು ಇನ್ನೂ ಹತ್ತು ವರ್ಷ ಬೀಗದೊಳಗೆ ಉಳಿದವು. ಅವರಲ್ಲಿ ಎಷ್ಟೋ ಜನರ ವಾರಸುದಾರರು ಯಾರೆಂದೇ ತಿಳಿಯದು. ಮರುಮುದ್ರಣವೂ ಇಲ್ಲ, ಅನುಮತಿ ಕೇಳಲು ಮನುಷ್ಯರೂ ಇಲ್ಲ ಎಂಬ ಸ್ಥಿತಿಯಲ್ಲಿ ಹಕ್ಕು ಯಾರನ್ನೂ ಕಾಯುವುದಿಲ್ಲ, ಪುಸ್ತಕವನ್ನು ಗೆದ್ದಲಿಗೆ ಒಪ್ಪಿಸುತ್ತದೆ. ಹಕ್ಕುದಾರರ ಅತಿರೇಕಗಳೂ ಇವೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಸಂಘದ ದೂರಿನ ಮೇಲೆ ಯೂಟ್ಯೂಬ್-ಡಿಎಲ್ ಎಂಬ ತಂತ್ರಾಂಶವನ್ನು ಗಿಟ್‌ಹಬ್ ತೆಗೆದುಹಾಕಿತು, ಮರುಪರಿಶೀಲಿಸಿ ಮುಂದಿನ ತಿಂಗಳೇ ಹಿಂದಿರುಗಿಸಿತು. ದೂರು ಬಂದಾಕ್ಷಣ ತಪ್ಪು ಸಾಬೀತಾಯಿತು ಎಂದಲ್ಲ. ನಮ್ಮ ಕಾಯಿದೆಯ 52ನೇ ಕಲಮು ಕೂಡ ಇಂಥ ಸಂದರ್ಭಗಳಲ್ಲಿ ಸಂಗ್ರಹಿಸಿಟ್ಟವರು 21 ದಿನ ತಡೆಹಿಡಿಯಬೇಕು ಎನ್ನುತ್ತದೆ. ಅಷ್ಟರಲ್ಲಿ ನ್ಯಾಯಾಲಯದ ಆದೇಶ ಬರದಿದ್ದರೆ ಮತ್ತೆ ಒದಗಿಸಬಹುದು.

ಎರಡೂ ಕಡೆಯವರಿಗೆ ದಾರಿ ತೋರುವ ಉದಾಹರಣೆಗಳು ನಮ್ಮಲ್ಲೇ ಇವೆ. 2014ರಲ್ಲಿ ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸಿನಡಿ ಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶಕ್ಕೂ ಅಂಥದೇ ಲೈಸೆನ್ಸ್ ಕೊಟ್ಟಿತು. ಯಾರೋ ಹೋಗಿ ಕೇಳಿದರು, ಹಕ್ಕಿದ್ದವರು ಬರೆದುಕೊಟ್ಟರು. ಆ ಕಡತಗಳನ್ನು ಇಂದು ಯಾರೂ ಕದಲಿಸಲಾರರು.

ಕೋಲಾರದ ಟಮಕದಲ್ಲಿ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಕಂಪ್ಯೂಟರ್ ಓದುವ ಮಕ್ಕಳು ಕೊನೆಯ ವರ್ಷ ಒಂದೊಂದು ಪ್ರಾಜೆಕ್ಟ್ ಮಾಡುತ್ತಾರೆ. ಅದನ್ನು ಭಂಡಾರಕ್ಕೆ ಏರಿಸುವ ಮುನ್ನ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಬೇಕೆಂದು ಮೇಷ್ಟ್ರುಗಳು ಕೇಳಲಿ: ಇದರಲ್ಲಿ ಯಾವುದು ನಿನ್ನದು, ಉಳಿದದ್ದು ಯಾರದು, ಅವರು ಯಾವ ಷರತ್ತಿನ ಮೇಲೆ ಕೊಟ್ಟರು. ಕೋಡು ಓಡುತ್ತದೆಯೆ ಎಂಬುದಕ್ಕೆ ಕೊಡುವ ಅಂಕದಲ್ಲಿ ಒಂದು ಪಾಲನ್ನು ಈ ಉತ್ತರಕ್ಕೂ ಇಡಲಿ. ಕನ್ನಡದ ಮುಂದಿನ ಫಾಂಟು, ನಿಘಂಟು, ಕಾಗುಣಿತ ತಿದ್ದುವ ಸಾಧನಗಳನ್ನು ಕಟ್ಟುವವರು ಈ ಮಕ್ಕಳೇ. ಅವರು ಕೊಟ್ಟದ್ದರ ಮೇಲೆ ಮುಂದಿನವರು ಹೆದರದೆ ಕಟ್ಟುವಂತಾದರೆ ಮಾತ್ರ ಅದು ದಾನ.